ಚಕ್ರದ ಮನೆಯ ಕನ್ನಿಮೂಲೆ

ಬಹ್ರೈನಿನಲ್ಲಿ ಸೇಸಪ್ಪನಿಗೂ ಒಂದು ಮನೆಯಿತ್ತು. ಒಂದು ಶುಕ್ರವಾರದಿಂದ ಮರು ಶುಕ್ರವಾರದ ಬೆಳಗಿನ ತನಕ ಇತ್ತು. ಅದಕ್ಕೆ ಬಾಗಿಲಿತ್ತು, ಪರದೆ ಹಾಕಿದ ಕಿಟಕಿಗಳಿದ್ದವು, ಅಡುಗೆಗೆ ಜಾಗವಿತ್ತು, ಕೆಳಗೆ ಎರಡು ಚಕ್ರಗಳೂ ಇದ್ದವು. ಗೃಹಪ್ರವೇಶವೂ ಆಗಿತ್ತು. ಇಷ್ಟೆಲ್ಲ ಇದ್ದ ಮನೆಯಲ್ಲಿ ಸೇಸಪ್ಪ ಒಂದು ದಿನವೂ ಮಲಗಲಿಲ್ಲ ಎಂಬುದು ಬೇರೆ ಮಾತು.

ಸಮುದ್ರದ ಮೇಲೆ ಸೌದಿಗೆ ಸೇತುವೆಯಾಗುವುದಕ್ಕೂ ಮೊದಲಿನ ಸಂಗತಿ ಇದು. ಸೇಸಪ್ಪ ಟುಬ್ಲಿಯ ಒಂದು ಏಸಿ ರಿಪೇರಿ ಗ್ಯಾರೇಜಿನಲ್ಲಿ ಪಿಕಪ್ ಡ್ರೈವರ್. ಊರು ಹೆಜಮಾಡಿಯ ಹತ್ತಿರ. ಗುದೈಬಿಯಾದ ಒಂದೇ ಕೋಣೆಯಲ್ಲಿ ಮಂಚದ ಮೇಲೆ ಮಂಚ ಕಟ್ಟಿ ಮಲಗುವವರಲ್ಲಿ ಇವನೂ ಒಬ್ಬ. ಮದುವೆಯಾಗಿ ಬಹಳ ವರ್ಷವಾಗಿತ್ತು. ಆದರೆ ಹೆಂಡತಿ ಕುಸುಮಾವತಿಯ ಜೊತೆ ಬಾಳಿದ ರಜೆಯ ದಿನಗಳನ್ನೆಲ್ಲ ಕೂಡಿಸಿದರೂ ಒಂದು ಮಳೆಗಾಲ ತುಂಬುತ್ತಿರಲಿಲ್ಲ. ಅವಳನ್ನು ಕರೆಸಬೇಕಾದರೆ ಅರಬಾಬನ, ಎಂದರೆ ಧಣಿಯ, ಸಹಿ ಬೇಕು. ಅರಬಾಬ ಸಹಿ ಹಾಕಬೇಕಾದರೆ ಮನೆ ಬೇಕು. ಮನೆ ಬೇಕಾದರೆ ಸೇಸಪ್ಪ ಸೇಸಪ್ಪನಾಗಿರಬಾರದು.

ಅರಬಾಬ ಹಾಜಿ ಜಾಸಿಂ ಕೆಟ್ಟವನೇನಲ್ಲ. ಗ್ಯಾರೇಜಿನ ಧಣಿ, ನಗುವ ಮನುಷ್ಯ, ಹೆಂಡತಿಯ ಮಾತೆತ್ತಿದಾಗಲೆಲ್ಲ "ಇನ್ಶಾಲ್ಲಾ, ಸೇಸಬ್ಬಾ" ಎಂದು ಬೆನ್ನು ತಟ್ಟುತ್ತಿದ್ದ. ಅರಬರ ನಾಲಗೆಗೆ 'ಪ' ಹತ್ತುವುದಿಲ್ಲ. ಬೆನ್ನು ತಟ್ಟಿಸಿಕೊಂಡು ತಟ್ಟಿಸಿಕೊಂಡು ಸೇಸಪ್ಪನ ಬೆನ್ನು ಅಷ್ಟು ಜಾಗದಲ್ಲಿ ನುಣುಪಾಗಿತ್ತು.

ಚಳಿಗಾಲ ಬಂದರೆ ಅಲ್ಲಿನವರು ಮರಳುಗಾಡಿನಲ್ಲಿ ಡೇರೆ ಹಾಕುತ್ತಾರೆ, ಜಾಸಿಮನೂ ಹಾಕುತ್ತಿದ್ದ. ಆ ಚಳಿಗಾಲದಲ್ಲಿ ಜಾಸಿಮನ ಬಾವಮೈದ ಸಖೀರಿನ ಮರಳುಗಾಡಿನಲ್ಲಿ ತನ್ನ ಡೇರೆಯ ಪಕ್ಕ ಒಂದು ಕ್ಯಾರವಾನ್, ಗಾಡಿಗೆ ಕಟ್ಟಿ ಎಳೆಯುವ ಮನೆ, ತಂದು ನಿಲ್ಲಿಸಿದ. ಅಲ್ಲಿಗೆ ಜಾಸಿಮನ ನಿದ್ದೆ ಹೋಯಿತು. ಅವಾಲಿಯ ಒಬ್ಬ ಇಂಗ್ಲಿಷ್ ಇಂಜಿನಿಯರು ನೌಕರಿ ಮುಗಿಸಿ ತನ್ನ ದೇಶಕ್ಕೆ ಹೊರಟಿದ್ದ. ಅವನ ಕ್ಯಾರವಾನನ್ನು ಜಾಸಿಂ ಕೊಂಡುಬಿಟ್ಟ. ಆದರೆ ಜಾಸಿಮನ ತಾಯಿ ಒಂದು ಮಾತು ಹಾಕಿದಳು. ಹೆಂಗಸರು ಮಕ್ಕಳು ಬರುವ ಡೇರೆಗೆ ಬ್ಯಾಚುಲರ್ ಕಾವಲುಗಾರ ಬೇಡ. ಹೆಂಡತಿಯಿರುವವನೇ ಬೇಕು.

ಜಾಸಿಂ ಗ್ಯಾರೇಜಿನ ನಡುವೆ ನಿಂತು ಕೇಳಿದ: "ಹೆಂಡತಿ ಇದ್ದವರು ಯಾರ್ಯಾರು?"

ಎಲ್ಲರ ಕೈಯೂ ಮೇಲೆ ಹೋಯಿತು.

"ಇಲ್ಲಿ, ಬಹ್ರೈನಿನಲ್ಲಿ?"

ಎಲ್ಲರ ಕೈಯೂ ಕೆಳಗೆ ಬಂತು.

"ಹೋಗಲಿ. ಪಿಕಪ್ಪಿಗೆ ಕಟ್ಟಿ ಟ್ರೇಲರ್ ಎಳೆದು ಗೊತ್ತಿರುವವರು?"

ಒಂದೇ ಕೈ ಎದ್ದಿತು. ಸೇಸಪ್ಪನದು. ಅವನು ಟ್ರೇಲರ್ ಎಳೆದವನಲ್ಲ. ಹರೆಯದಲ್ಲಿ ಹಂಚಿನ ಕಾರ್ಖಾನೆಯ ಟ್ರ್ಯಾಕ್ಟರಿನ ಹಿಂದಿನ ತೊಟ್ಟಿಯಲ್ಲಿ ಮಣ್ಣಿನ ಮೇಲೆ ಕೂತು ಹೋದವನು. ಹಾಗೆ ನೋಡಿದರೆ ಅವನು ಎಳೆದದ್ದಲ್ಲ, ಎಳೆಸಿಕೊಂಡದ್ದು. ಆದರೆ ಕೈ ಎತ್ತುವ ಹೊತ್ತಿಗೆ ಇಷ್ಟು ಸೂಕ್ಷ್ಮ ಯಾರಿಗೆ ನೆನಪಿರುತ್ತದೆ?

"ಶಾಬಾಶ್, ಸೇಸಬ್ಬಾ!" ಜಾಸಿಂ ಅದೇ ಜಾಗದಲ್ಲಿ ಬೆನ್ನು ತಟ್ಟಿದ. "ಕೇಳು. ಕ್ಯಾರವಾನ್ ಸಖೀರಿಗೆ ಒಂದು ಗೀರೂ ಬೀಳದೆ ಬರಬೇಕು. ಬರುವ ಶುಕ್ರವಾರ ನನ್ನ ತಾಯಿ ನೋಡಲಿಕ್ಕೆ ಬರ್ತಾಳೆ. ಅವಳಿಗೆ ಖುಷಿಯಾದರೆ ಶನಿವಾರ ನಿನ್ನ ಹೆಂಡತಿಯ ಕಾಗದಕ್ಕೆ ನನ್ನ ಸಹಿ. ಚಳಿಗಾಲ ಇಡೀ ಗಂಡ ಹೆಂಡತಿ ಅದರಲ್ಲೇ ಇರಿ, ಡೇರೆ ಕಾಯಿರಿ. ಆಮೇಲೆ ಗ್ಯಾರೇಜಿನ ಹಿಂದೆ ತಂದು ನಿಲ್ಲಿಸು. ಅಲ್ಲೂ ಇರಿ. ಅದು ನಿನ್ನ ಮನೆ. ಖಲಾಸ್!"

ಸೇಸಪ್ಪ ಅದೇ ಸಂಜೆ ರಜೆಗೆ ಹೊರಟವನೊಬ್ಬನ ಕೈಯಲ್ಲಿ ಊರಿಗೆ ಹೇಳಿಕಳಿಸಿದ: ಮನೆಯಾಗಿದೆ, ಹೊರಡುವ ತಯಾರಿ ಮಾಡು. ಕುಸುಮಾವತಿ ಆಡನ್ನು ತಂಗಿಗೆ ಕೊಟ್ಟಳಂತೆ. ಅಂಗಳದ ಬಸಳೆ ಚಪ್ಪರವನ್ನು ನೆರೆಮನೆಯವರಿಗೆ ವಹಿಸಿದಳಂತೆ.

ಅವಾಲಿಗೆ ಕ್ಯಾರವಾನ್ ತರಲು ಹೋಗುವಾಗ ಸೇಸಪ್ಪ ಮ್ಯಾಕ್ಸಿಮನನ್ನು ಕರೆದುಕೊಂಡು ಹೋದ. ಮ್ಯಾಕ್ಸಿಮ್ ಕಿನ್ನಿಗೋಳಿ ಕಡೆಯವನು, ಮನಾಮದಲ್ಲಿ ಹಡಗಿನ ಕಂಪೆನಿಯೊಂದರ ಕ್ಲಾರ್ಕು. ಗುದೈಬಿಯಾದ ನಮ್ಮವರಿಗೆಲ್ಲ ಇಂಗ್ಲಿಷಿನ ಬಾಗಿಲು ಅವನೇ. ಅವನ ಹೆಂಡತಿ ಕ್ಲೊಟಿಲ್ಡಾ ಆಸ್ಪತ್ರೆಯಲ್ಲಿ ನರ್ಸು. ಇವರು ಫ್ಲಾಟಿನಲ್ಲಿ ಜೋಡಿಯಾಗಿ ಇದ್ದವರು, ಹಾಗಾಗಿ ಉಳಿದವರು ಅವರ ಮನೆಯ ಮೆಟ್ಟಿಲು ಹತ್ತುವಾಗ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು.

ಇಂಗ್ಲಿಷ್ ಇಂಜಿನಿಯರು ಕ್ಯಾರವಾನನ್ನು ಮಗಳನ್ನು ಗಂಡನ ಮನೆಗೆ ಕಳಿಸುವವನ ಹಾಗೆ ಬೀಳ್ಕೊಟ್ಟ. ಮೊದಲು ಪಿಕಪ್ಪಿಗೆ ಸುತ್ತು ಬಂದ. ಅದರ ಬಾನೆಟ್ ತಟ್ಟಿದ, ಕ್ಯಾರವಾನಿನ ಪಕ್ಕೆ ತಟ್ಟಿದ, ಎರಡನ್ನೂ ನೋಡಿ ತಲೆ ತುರಿಸಿದ. ಮರಳಿನ ಮೇಲೆ ಕೋಲಿನಿಂದ ಒಂದು ತಕ್ಕಡಿ ಬರೆದ. ಸೇಸಪ್ಪನ ಹೆಗಲು ಹಿಡಿದು ಕ್ಯಾರವಾನಿನ ಮೂತಿಯ ಕೊಕ್ಕೆಯ ಮೇಲೆ ಕೂರಿಸಿ, ಇಷ್ಟು ಭಾರ ಇಲ್ಲಿರಲಿ ಎಂಬಂತೆ ಕೈಯಿಂದ ಒತ್ತಿ ತೋರಿಸಿದ. ಬಾಲದ ಕಡೆ ಹೋಗಿ, ಇಲ್ಲಿ ಏನೂ ಬೇಡ ಎಂಬಂತೆ ನೊಣ ಓಡಿಸಿದ. ಕೊನೆಗೆ ಸೊಂಟ ಕುಣಿಸಿ ಕ್ಯಾರವಾನ್ ಓಲಾಡುವುದನ್ನು ಅಭಿನಯಿಸಿ, ಬ್ರೇಕ್ ತುಳಿಯುವ ಕಾಲನ್ನು ಎತ್ತಿ ಗಾಳಿಯಲ್ಲಿ ಹಿಡಿದು, ತಾನೇ ಬೀಳುವಷ್ಟು ಹೊತ್ತು ಒಂಟಿಕಾಲಿನಲ್ಲಿ ನಿಂತ.

ಇಷ್ಟು ಹೊತ್ತೂ ಮ್ಯಾಕ್ಸಿಮ್, "ಯೆಸ್ ಸರ್, ಆಫ್ ಕೋರ್ಸ್ ಸರ್" ಎನ್ನುತ್ತಿದ್ದ.

"ಎಂತ ಹೇಳಿದ ಅವ?" ಎಂದ ಸೇಸಪ್ಪ.

"ಜಾಗ್ರತೆ ಹೋಗಿ ಅಂತ."

"ಅಷ್ಟೇನಾ? ಅಷ್ಟು ಹೊತ್ತು ಕುಣಿದನಲ್ಲ ಮಾರಾಯ!"

"ಇಂಗ್ಲಿಷಿನಲ್ಲಿ ಜಾಗ್ರತೆ ಹೇಳುದಂದ್ರೆ ಹಾಗೇ. ಅವರು ಯಾವುದನ್ನೂ ಅರ್ಧದಲ್ಲಿ ಬಿಡುದಿಲ್ಲ."

ಆ ಮನುಷ್ಯ ಹೇಳಿದ್ದು ಇಷ್ಟು: ಈ ಪಿಕಪ್ ಒಂದು ಟನ್ ಎಳೆಯಬಲ್ಲದು, ಹೆಚ್ಚಿಲ್ಲ. ಖಾಲಿ ಕ್ಯಾರವಾನೇ ಅದರ ಹೆಚ್ಚಿನ ಪಾಲು ತಿನ್ನುತ್ತದೆ. ಉಳಿದ ಜಾಗ ಹಾಸಿಗೆ, ಪಾತ್ರೆ, ಒಂದೆರಡು ಟ್ರಂಕಿಗೆ ಮಾತ್ರ. ಇಡುವುದನ್ನು ಚಕ್ರದ ಮೇಲೆ ಅಥವಾ ಸ್ವಲ್ಪ ಮುಂದೆ ಇಡಬೇಕು. ಮೂತಿ ಪಿಕಪ್ಪಿನ ಮೇಲೆ ಒರಗಬೇಕು, ಬಾಲ ಹಗುರವಿರಬೇಕು. ಬಾಲ ಭಾರವಾದರೆ ಇಳಿಜಾರಿನಲ್ಲಿ ಅದು ಓಲಾಡುತ್ತದೆ. ಆಗ ಬ್ರೇಕ್ ತುಳಿಯಬಾರದು, ಕಾಲು ಎತ್ತಿ ಸುಮ್ಮನಿರಬೇಕು. ಮ್ಯಾಕ್ಸಿಮನಿಗೆ ಇದೆಲ್ಲ ಅರ್ಥವಾಗಿತ್ತು. ಡ್ರೈವರನಿಗೆ ಡ್ರೈವಿಂಗ್ ಹೇಳಿಕೊಡುವುದು ಮರ್ಯಾದೆಯಲ್ಲ ಎಂದು ತಾನೇ ಸೋಸಿ, ಸಾರ ಮಾತ್ರ ಕೊಟ್ಟಿದ್ದ.

ಶುಕ್ರವಾರದ ತನಕ ಅದು ಗ್ಯಾರೇಜಿನಲ್ಲಿರಬೇಕಿತ್ತು. ಖಾಲಿ ಕ್ಯಾರವಾನ್ ಅವಾಲಿಯಿಂದ ಟುಬ್ಲಿಗೆ ಸಾಕಿದ ಹಸುವಿನ ಹಾಗೆ ಹಿಂದೆ ಹಿಂದೆ ಬಂತು. ಎಲ್ಲರೂ ಹೊಗಳಿದರು. ಕೆಟ್ಟದ್ದು ಅಲ್ಲಿಂದ ಶುರುವಾಯಿತು.

ಸುದ್ದಿ ಗುದೈಬಿಯಾ ಇಡೀ ಹಬ್ಬಿತು. ಮನೆಯಾದ ಮೇಲೆ ಗೃಹಪ್ರವೇಶ ಬೇಡವೇ? ಬೇಕು ಎಂದವನು ಮುದ್ದಣ್ಣ. ಮೆಸ್ಸಿನಲ್ಲಿ ಅಡುಗೆಯವನು, ಮೀಸೆ ಬೆಳ್ಳಗಾದವನು, ಬ್ಯಾಚುಲರುಗಳ ಪೂಜೆ ಪುನಸ್ಕಾರಕ್ಕೂ ಅವನೇ. ಗುರುವಾರ ಸಂಜೆ ಟುಬ್ಲಿಯ ಗ್ಯಾರೇಜಿಗೆ ಬಂದು, ಕ್ಯಾರವಾನಿನೊಳಗೆ ಹಾಲು ಉಕ್ಕಿಸಿ, ಹೊರಗೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತ.

"ಇದರ ಕನ್ನಿಮೂಲೆ ಯಾವುದು?"

ನಮ್ಮ ಕಡೆ ನೈರುತ್ಯವನ್ನು ಕನ್ನಿಮೂಲೆ ಎನ್ನುತ್ತಾರೆ. ಮನೆಯ ಭಾರವೆಲ್ಲ ಆ ಮೂಲೆಯಲ್ಲಿರಬೇಕು, ಎದುರಿನ ಈಶಾನ್ಯ ಹಗುರವಿರಬೇಕು. ಹಾಗಿಲ್ಲದಿದ್ದರೆ ಮನೆಯಲ್ಲಿ ಹೆಂಗಸು ನಿಲ್ಲುವುದಿಲ್ಲ ಎಂದು ಮುದ್ದಣ್ಣ ಹೇಳಿದ. ಹೆಂಗಸು ನಿಲ್ಲುವುದಿಲ್ಲ ಎಂಬ ಮಾತು ಕೇಳಿದ್ದೇ ಸೇಸಪ್ಪನ ಮುಖ ಬಿಳಿಚಿತು.

ಆದರೆ ಆ ಗ್ಯಾರೇಜುಗಳ ಸಂದಿಯಲ್ಲಿ, ಸೂರ್ಯ ಮುಳುಗಿದ ಮೇಲೆ, ದಿಕ್ಕು ಹೇಳುವವರು ಯಾರು? ಚಹಾದಂಗಡಿಯ ಹುಸೈನಬ್ಬ ಜೇಬಿನಿಂದ ಒಂದು ಸಣ್ಣ ಡಬ್ಬಿ ತೆಗೆದ. ನಮಾಜಿಗೆ ದಿಕ್ಕು ನೋಡುವ ಮುಳ್ಳಿನ ಡಬ್ಬಿ.

"ಇಲ್ಲಿಂದ ಮಕ್ಕಾ ಈ ಕಡೆ, ಮುದ್ದಣ್ಣ. ಪಶ್ಚಿಮದಿಂದ ಸ್ವಲ್ಪ ಎಡಕ್ಕೆ. ನಿಮ್ಮ ಕನ್ನಿಮೂಲೆಯೂ ಅಲ್ಲೇ ಹತ್ತಿರ ಬರ್ತದೆ."

"ನೋಡಿದ್ರಾ!" ಮುದ್ದಣ್ಣನಿಗೆ ಕಣ್ಣು ತುಂಬಿತು. "ಎರಡು ಮತವೂ ಒಂದೇ ಮೂಲೆ ತೋರಿಸ್ತಾ ಉಂಟು. ಇನ್ನೆಂತ ಬೇಕು?"

ಕ್ಯಾರವಾನ್ ಈಶಾನ್ಯಕ್ಕೆ ಮೂತಿ ಮಾಡಿ ನಿಂತಿತ್ತು. ಅಂದರೆ ಕನ್ನಿಮೂಲೆ ಎಂದರೆ ಅದರ ಬಾಲ. ಮೂಲೆ ಗೊತ್ತಾದ ಮೇಲೆ ಅದನ್ನು ತುಂಬಲು ಭಾರ ಬೇಕಲ್ಲ, ಅದಕ್ಕೆ ಜನ ಮುಗಿಬಿದ್ದರು. ಹುಸೈನಬ್ಬ ಅಂಗಡಿಗೆ ಕರೆಂಟಿನ ಗ್ರೈಂಡರ್ ತಂದಿದ್ದ. ಹಳೆಯ ಅರೆಯುವ ಕಲ್ಲನ್ನು ಎಲ್ಲಿ ಎಸೆಯುವುದು ಎಂದು ಯೋಚಿಸುತ್ತಿದ್ದವನು ಅದನ್ನು ನಾಲ್ಕು ಜನರ ಕೈಯಲ್ಲಿ ಹೊರಿಸಿ ತಂದ. "ಕುಸುಮಕ್ಕನಿಗೆ ನನ್ನ ಫಾತಿಮಾ ಕಳಿಸಿದ್ದು. ಬೇಡ ಹೇಳಬಾರದು." ಕ್ಲೊಟಿಲ್ಡಾ ತನ್ನ ಫ್ಲಾಟಿನ ಕಬ್ಬಿಣದ ಕಪಾಟು ಕೊಟ್ಟಳು. ಅದರ ಬಾಗಿಲು ಹಾಕಲು ಬರುತ್ತಿರಲಿಲ್ಲ, ಹಾಕಿದರೆ ತೆಗೆಯಲು ಬರುತ್ತಿರಲಿಲ್ಲ. ಕೋಣೆಯವರು ಕಬ್ಬಿಣದ ಮಂಚ ಕೊಟ್ಟರು, ಗ್ಯಾಸ್ ತುಂಬಿಸಿದರೆ ಸರಿಹೋಗುವ ಫ್ರಿಜ್ಜು ಕೊಟ್ಟರು. ಗ್ಯಾರೇಜಿನವರು ಎರಡು ಕಿಟಕಿ ಏಸಿ ತಂದಿಟ್ಟರು. ಅವು ತಂಪು ಮಾಡುತ್ತಿರಲಿಲ್ಲ, ತೂಕ ಮಾತ್ರ ಮಾಡುತ್ತಿದ್ದವು. ಮುದ್ದಣ್ಣ ಮೆಸ್ಸಿನಿಂದ ಅಕ್ಕಿಮೂಟೆ ತಂದ. "ಕುಸುಮ ಬಂದ ಮೇಲೆ ನಾನೇ ವಾರವಾರ ಬಂದು ಉಂಡು ಮುಗಿಸ್ತೇನೆ. ನಿನಗೆ ಹೊರೆ ಇಲ್ಲ."

ಗುದೈಬಿಯಾದಲ್ಲಿ ಅಷ್ಟು ವರ್ಷ ಯಾರ ಬಳಿಯೂ ಏನೂ ಹೆಚ್ಚಿರಲಿಲ್ಲ. ಸೇಸಪ್ಪನ ಮನೆಯ ಹೆಸರಿನಲ್ಲಿ ಅವತ್ತು ಇಡೀ ಬೀದಿ ಸ್ವಚ್ಛವಾಯಿತು.

ಬಾಲಕ್ಕೆ ಭಾರ ಬಿದ್ದ ಹಾಗೆ ಕ್ಯಾರವಾನಿನ ಮೂತಿ ಮೆಲ್ಲನೆ ಆಕಾಶಕ್ಕೆ ಎದ್ದಿತು. ಹಿಂಭಾಗ ನೆಲ ಮುಟ್ಟಿತು.

"ಮನೆಯೇ ದೇವರಿಗೆ ಕೈ ಮುಗೀತಾ ಉಂಟು" ಎಂದ ಮುದ್ದಣ್ಣ.

ಸೇಸಪ್ಪನಿಗೆ ಏನೋ ಸರಿಯಿಲ್ಲ ಅನಿಸಿತು. "ಮ್ಯಾಕ್ಸಿಮ್, ಆ ದೊರೆ ಭಾರದ ವಿಷಯ ಎಂತದೋ ತೋರಿಸಿದನಲ್ಲ? ನನ್ನನ್ನು ಆ ಕೊಕ್ಕೆಯ ಮೇಲೆ ಕೂರಿಸಿದ್ದು?"

"ಅದು ಅವರ ಭಾರ, ಮಾರಾಯ. ಅವರದ್ದು ಪೌಂಡಿನ ಲೆಕ್ಕ, ನಮ್ಮದು ಕಿಲೋ. ಒಂದಕ್ಕೊಂದು ಸಂಬಂಧ ಇಲ್ಲ."

"ನೀವೆಲ್ಲ ಸೇರಿ ಅವನ ಮನೆಯನ್ನು ಗುಜರಿ ಮಾಡ್ತಾ ಇದ್ದೀರಿ" ಎಂದಳು ಕ್ಲೊಟಿಲ್ಡಾ. ಎಲ್ಲರೂ ಅವಳ ಕಪಾಟನ್ನು ನೋಡಿದರು.

ಶುಕ್ರವಾರ ಬೆಳಿಗ್ಗೆ ಕ್ಯಾರವಾನನ್ನು ಪಿಕಪ್ಪಿಗೆ ಕಟ್ಟಲು ಮೂರು ಜನ ಮೂತಿಯ ಮೇಲೆ ಹತ್ತಿ ಕೂರಬೇಕಾಯಿತು. ಕೊಕ್ಕೆ ಸಿಕ್ಕಿತು. ಮೂವರೂ ಇಳಿದರು. ಇಳಿದದ್ದೇ ಪಿಕಪ್ಪಿನ ಹಿಂಭಾಗ ಕೋಳಿಯ ಬಾಲದ ಹಾಗೆ ಮೇಲಕ್ಕೆ ನಿಂತಿತು. ಮ್ಯಾಕ್ಸಿಮ್ ಸುತ್ತು ಬಂದು ನೋಡಿದ.

"ನೋಡು ಸೇಸಪ್ಪ, ಭಾರ ಹೆಚ್ಚಾಗಿದ್ರೆ ಪಿಕಪ್ ಕುಸೀಬೇಕಿತ್ತು. ಇದು ಎದ್ದು ನಿಂತಿದೆ. ಇನ್ನೂ ಒಂದಿಷ್ಟು ಸಾಮಾನು ಹಿಡೀತಿತ್ತು."

ಎಲ್ಲರೂ ಹೊರಟರು. ಪಿಕಪ್ಪಿನಲ್ಲಿ ಸೇಸಪ್ಪ, ಅವನ ಪಕ್ಕದಲ್ಲಿ ಮ್ಯಾಕ್ಸಿಮ್, ಬಾಗಿಲ ಬಳಿ ದಿಕ್ಕಿನ ಡಬ್ಬಿ ಹಿಡಿದು ಮುದ್ದಣ್ಣ. ಹಿಂದಿನಿಂದ ಹುಸೈನಬ್ಬನ ಕಾರು. ಅದರಲ್ಲಿ ಫಾತಿಮಾ, ಕ್ಲೊಟಿಲ್ಡಾ, ಫಾತಿಮಾಳ ತೊಡೆಯ ಮೇಲೆ ಬಿರಿಯಾನಿಯ ಪಾತ್ರೆ. ಅದರ ಹಿಂದೆ ಒಂದು ಟ್ಯಾಕ್ಸಿಯಲ್ಲಿ ಕೋಣೆಯವರು. ಮದುವೆಯ ದಿಬ್ಬಣಕ್ಕೆ ವಾಲಗ ಒಂದು ಕಡಿಮೆ.

ಈಸಾ ಟೌನಿನ ಹತ್ತಿರ ಬರುವಾಗ ಮುದ್ದಣ್ಣ ಡಬ್ಬಿ ನೋಡಿ ಬೊಬ್ಬೆ ಹಾಕಿದ. "ನಿಲ್ಸು! ನಿಲ್ಸು ಮಾರಾಯ!"

ಸೇಸಪ್ಪ ಬದಿಗೆ ತಂದು ನಿಲ್ಲಿಸಿದ. "ಎಂತಾಯ್ತು?"

"ತಪ್ಪಿತು! ಟುಬ್ಲಿಯಲ್ಲಿ ಮನೆಯ ಬಾಲ ಕನ್ನಿಮೂಲೆಗಿತ್ತು. ಈಗ ನಾವು ಹೋಗುದೇ ಕನ್ನಿಮೂಲೆಯ ಕಡೆಗೆ. ಅಂದ್ರೆ ಮೂತಿ ಕನ್ನಿಮೂಲೆಗೆ ಬಂತು, ಭಾರ ಎಲ್ಲ ಈಶಾನ್ಯದಲ್ಲಿ ಕೂತಿತು! ಎಲ್ಲ ಸಾಮಾನು ಎದುರಿಗೆ ತರ್ಬೇಕು. ಈಗಲೇ!"

ದೇವರು ಒಮ್ಮೊಮ್ಮೆ ಸರಿಯಾದ ಮಾತನ್ನು ತಪ್ಪಾದ ಬಾಯಿಯಲ್ಲಿ ಇಡುತ್ತಾನೆ. ಅವತ್ತು ಆ ಮಾತು ಕೇಳಿದ್ದರೆ ಕುಸುಮಾವತಿ ಬಹ್ರೈನ್ ನೋಡುತ್ತಿದ್ದಳು. ಸೇಸಪ್ಪ ಬಾಗಿಲು ತೆಗೆದು ಅರ್ಧ ಇಳಿದೂ ಇದ್ದ. ಹಿಂದಿನ ಟ್ಯಾಕ್ಸಿಯವರು ಇಳಿದು ಬಂದರು. ಹುಸೈನಬ್ಬ ತೋಳು ಮಡಚಿಕೊಂಡು ಬಂದ. ಆದರೆ ಮ್ಯಾಕ್ಸಿಮ್ ಕೂತಲ್ಲಿಂದ ಏಳಲಿಲ್ಲ.

"ಮುದ್ದಣ್ಣ, ನೀವು ದೊಡ್ಡವರು, ಆದ್ರೂ ಕೇಳ್ತೇನೆ. ನಿಂತಾಗ ಅದು ಮನೆ, ಮನೆಗೆ ಮೂಲೆ ಉಂಟು. ಓಡುವಾಗ ಅದು ಗಾಡಿ. ಗಾಡಿಗೆ ಎಂಥ ಕನ್ನಿಮೂಲೆ? ಪ್ರತಿ ತಿರುವಿಗೂ ಅರೆಯುವ ಕಲ್ಲು ಹೊತ್ತುಕೊಂಡು ತಿರುಗುದಾ?"

ಟ್ಯಾಕ್ಸಿಯವರು ನಕ್ಕರು. ಮುದ್ದಣ್ಣ ಯೋಚಿಸಿದ. ಯೋಚಿಸಿದಷ್ಟೂ ಮಾತು ಸರಿಯಾಗಿಯೇ ಕಂಡಿತು.

"ಅದೂ ಹೌದು. ಸಖೀರಿಗೆ ಮುಟ್ಟಿದ ಮೇಲೆ ಮೂತಿ ತಿರುಗಿಸಿ ನಿಲ್ಸಿದ್ರೆ ಆಯ್ತು."

"ಅರಬಾಬನ ತಾಯಿ ಜುಮ್ಮಾ ನಮಾಜಿಗೆ ಮೊದಲು ಬರ್ತಾಳಂತೆ. ಬೇಗ ಹೋಗುವ" ಎಂದ ಹುಸೈನಬ್ಬ.

ಎಲ್ಲರೂ ಹತ್ತಿದರು. ಸೇಸಪ್ಪನೂ ಹತ್ತಿದ.

ರಿಫಾದ ಹಳೆಯ ಕೋಟೆ ದಾಟಿದ ಮೇಲೆ ರಸ್ತೆ ಕಣಿವೆಗೆ ಇಳಿಯುತ್ತದೆ. ಇಳಿಜಾರು ದೊಡ್ಡದೇನಲ್ಲ. ಅರ್ಧ ಇಳಿಯುವಾಗ ಹಿಂದಿನಿಂದ ಯಾರೋ ಪಿಕಪ್ಪಿನ ಬಾಲ ಹಿಡಿದು ಮೆಲ್ಲನೆ ಎಡಕ್ಕೆ ಎಳೆದಂತಾಯಿತು. ಆಮೇಲೆ ಬಲಕ್ಕೆ. ಮತ್ತೆ ಎಡಕ್ಕೆ, ಈ ಸಲ ಮೆಲ್ಲನೆ ಅಲ್ಲ. ಕನ್ನಡಿಯಲ್ಲಿ ಕ್ಯಾರವಾನ್ ಒಮ್ಮೆ ಈ ಬದಿಯಿಂದ ಇಣುಕಿತು, ಒಮ್ಮೆ ಆ ಬದಿಯಿಂದ ಇಣುಕಿತು. ಇಂಗ್ಲಿಷ್ ಇಂಜಿನಿಯರು ಸೊಂಟ ಕುಣಿಸಿದ್ದು ಹೀಗೆಯೇ ಎಂದು ಸೇಸಪ್ಪನಿಗೆ ಥಟ್ಟನೆ ಹೊಳೆಯಿತು. ಒಂಟಿಕಾಲಿನಲ್ಲಿ ನಿಂತದ್ದೂ ಹೊಳೆಯಿತು. ಅವನ ಕಾಲು ಮೇಲೆ ಎದ್ದಿತು ಕೂಡ.

"ಬ್ರೇಕ್ ಹಾಕು!" ಎಂದ ಮುದ್ದಣ್ಣ.

"ಬ್ರೇಕ್! ಬ್ರೇಕ್!" ಎಂದ ಮ್ಯಾಕ್ಸಿಮ್, ಎರಡು ಭಾಷೆಯಲ್ಲಿ.

ಹಿಂದಿನ ಕಾರಿನಿಂದ ಹುಸೈನಬ್ಬ ಹಾರ್ನ್ ಒತ್ತಿಯೇ ಹಿಡಿದ. ಜೀವನವಿಡೀ ಎದುರಿನವರ ಮಾತು ಮೀರದೆ ಬದುಕಿದ ಸೇಸಪ್ಪ ಅವತ್ತೂ ಮೀರಲಿಲ್ಲ. ತುಳಿದ.

ಕ್ಯಾರವಾನಿನ ಬಾಲ ಸುತ್ತು ಬಳಸಿ ಮುಂದೆ ಬಂದು, ತನ್ನನ್ನು ಎಳೆಯುತ್ತಿರುವವನು ಯಾರೆಂದು ಒಮ್ಮೆ ನೋಡಿತು. ಕೊಕ್ಕೆ ಮುರಿದು ಪಕ್ಕಕ್ಕೆ ಮಗುಚಿತು. ಮಗುಚಿದಾಗ ಹಿಂದಿನ ಗೋಡೆಯನ್ನು ಒಡೆದುಕೊಂಡು ಅರೆಯುವ ಕಲ್ಲು ಹೊರಗೆ ಬಂತು. ರಸ್ತೆ ದಾಟಿ, ಮರಳಿಗೆ ಇಳಿದು, ಮೇಯುತ್ತಿದ್ದ ಆಡುಗಳ ನಡುವೆ ಹೋಗಿ ನಿಂತಿತು. ಆಡುಗಳು ಅದನ್ನು ಮೂಸಿದವು. ಪಿಕಪ್ ಗರಗರ ತಿರುಗಿ, ಬಂದ ದಾರಿಗೆ ಮುಖ ಮಾಡಿ ನಿಂತಿತು. ಒಳಗಿದ್ದ ಮೂವರಿಗೂ ಏನೂ ಆಗಲಿಲ್ಲ.

ಪೊಲೀಸ ಬಂದ. ಬಲೂಚಿ ಮನುಷ್ಯ, ಉರ್ದು ಬಲ್ಲವನು.

"ಇದು ಏನು?"

"ಮನೆ" ಎಂದ ಸೇಸಪ್ಪ.

"ಮನೆ ರಸ್ತೆಯಲ್ಲಿ ಯಾಕಿದೆ?"

ಪೊಲೀಸ ಒಡೆದ ಗೋಡೆಯಿಂದ ಒಳಗೆ ಇಣುಕಿ ನೋಡಿ ದಂಗಾದ.

"ಈ ಸಣ್ಣ ಗಾಡಿಯ ಹಿಂದೆ ಇಷ್ಟು ಭಾರ ಯಾರು ಹಾಕಿದ್ದು? ಹಾಕಿದವರು ನನ್ನ ಜೊತೆ ಠಾಣೆಗೆ ಬರಬೇಕು. ಈ ಕಪಾಟು ಯಾರದ್ದು?"

ಕ್ಲೊಟಿಲ್ಡಾ ಕಪಾಟನ್ನು ಜನ್ಮದಲ್ಲಿ ಮೊದಲ ಸಲ ನೋಡುವವಳ ಹಾಗೆ ನೋಡಿದಳು.

"ಈ ಫ್ರಿಜ್ಜು?"

ಕೋಣೆಯವರು ಆಕಾಶದಲ್ಲಿ ವಿಮಾನ ಹುಡುಕುತ್ತಿದ್ದರು.

"ಆ ಕಲ್ಲು?"

"ಅದು ಇಲ್ಲೇ ಇದ್ದ ಕಲ್ಲಿರಬೇಕು, ಸಾಬ್" ಎಂದ ಹುಸೈನಬ್ಬ. "ಕಣಿವೆಯಲ್ಲವಾ."

"ಎಲ್ಲ ನನ್ನದು" ಎಂದ ಸೇಸಪ್ಪ.

ಪೊಲೀಸ ಅವನನ್ನು ಮೇಲಿಂದ ಕೆಳಗೆ ನೋಡಿದ. ಸವೆದ ಚಪ್ಪಲಿ ನೋಡಿದ. ಇಷ್ಟು ಆಸ್ತಿವಂತನನ್ನು ಅವನು ನಂಬಲಿಲ್ಲ. ಆದರೂ ಮುಂದೆ ಕೇಳಲಿಲ್ಲ. "ಮನೆಯೊಳಗೆ ಯಾರಿದ್ದರು?" ಎಂದ.

"ಯಾರೂ ಇಲ್ಲ."

"ಶುಕ್ರ್ ಹೈ, ದೇವರ ದಯೆ. ಮನೆಯೊಳಗೆ ಯಾರೂ ಇರಲಿಲ್ಲ, ಅದೇ ದೊಡ್ಡದು."

ಅಷ್ಟರಲ್ಲಿ ಜಾಸಿಮನ ಉದ್ದ ಕಾರು ಬಂತು. ಹಿಂದಿನ ಸೀಟಿನಲ್ಲಿ ಕಪ್ಪು ಅಬಾಯಾ ಹೊದ್ದ ಅವನ ತಾಯಿ. ಜಾಸಿಂ ಇಳಿದು ಬಂದು, ಮಗುಚಿ ಬಿದ್ದ ಕ್ಯಾರವಾನಿನ ಚಕ್ರವೊಂದನ್ನು ಬೆರಳಿನಿಂದ ತಿರುಗಿಸಿದ. ಅದು ತಿರುಗುತ್ತಲೇ ಇತ್ತು. ಬಯ್ಯಲಿಲ್ಲ. ಬೈದಿದ್ದರೆ ಸೇಸಪ್ಪನಿಗೆ ಕಾಲು ಹಿಡಿಯಲು ಒಂದು ದಾರಿಯಾದರೂ ಇರುತ್ತಿತ್ತು.

ಮುದುಕಿ ಗಾಜು ಇಳಿಸಿ ಸೇಸಪ್ಪನನ್ನು ಹತ್ತಿರ ಕರೆದಳು. ಹೆಂಡತಿ ಎಲ್ಲಿ ಎಂದು ಕೈಸನ್ನೆಯಲ್ಲಿ ಕೇಳಿದಳು.

"ಹಿಂದ್‌ನಲ್ಲಿ" ಎಂದ ಸೇಸಪ್ಪ. ಅರಬರಿಗೆ ಇಂಡಿಯಾ ಎಂದರೆ ಹಿಂದ್.

"ಅಲ್ಹಮ್ದುಲಿಲ್ಲಾ! ಒಳಗೆ ಯಾರೂ ಇರಲಿಲ್ಲ." ಅವಳು ಮಡಿಲಿನಿಂದ ಒಂದು ಕಿತ್ತಳೆ ತೆಗೆದು ಅವನ ಕೈಯಲ್ಲಿಟ್ಟಳು. ಆಮೇಲೆ ಮಗನಿಗೆ ಅರಬಿಯಲ್ಲಿ ಏನೋ ಹೇಳಿದಳು. ದನಿಯಲ್ಲಿ ಮಾತ್ರ ಬಹಳ ಕರುಣೆಯಿತ್ತು.

"ಎಂತ ಹೇಳಿದ್ದು?" ಸೇಸಪ್ಪ ಹುಸೈನಬ್ಬನನ್ನು ಕೇಳಿದ.

ಹುಸೈನಬ್ಬ ಗಡ್ಡ ಕೆರೆದ. "ಒಳ್ಳೆ ಹೆಂಗಸು, ಸೇಸಪ್ಪಣ್ಣ. ಇವನಿಗೆ ಮನೆ ಕೊಡಬೇಡ, ಪಾಪ, ಇವನಿಗೆ ಅಭ್ಯಾಸ ಇಲ್ಲ ಹೇಳಿದ್ಳು."

ಜಾಸಿಂ ಕಾರು ಹತ್ತುವಾಗ ಸೇಸಪ್ಪ ಓಡಿದ. "ಅರಬಾಬ್, ಶನಿವಾರ?"

"ಶನಿವಾರ ಗ್ಯಾರೇಜಿಗೆ ಬಾ. ಕೆಲಸ ಇದೆ."

"ಸಹಿ?"

"ಸೇಸಬ್ಬಾ" ಎಂದ ಜಾಸಿಂ, ಬಾಗಿಲು ಹಾಕುತ್ತ. "ಯಾವ ಮನೆಗೆ ಸಹಿ ಹಾಕಲಿ?"

ಬೆನ್ನು ತಟ್ಟಲಿಲ್ಲ. ಕಾರು ಹೋಯಿತು. ಪೊಲೀಸನೂ ಗ್ಯಾರೇಜಿನ ವಿಳಾಸ ಕೇಳಿಕೊಂಡು ಹೋದ.

ಪೊಲೀಸನ ಗಾಡಿ ಕಣ್ಮರೆಯಾಗುವ ತನಕ ಎಲ್ಲರೂ ಅದನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಕ್ಲೊಟಿಲ್ಡಾ ಗಂಡನನ್ನು ತಿವಿದಳು. "ಕಪಾಟು ಇಲ್ಲೇ ಬಿಡ್ಲಿಕ್ಕೆ ಆಗ್ತದಾ? ಯಾರಾದ್ರೂ ಹೊತ್ಕೊಂಡು ಹೋದ್ರೆ? ನನ್ನ ತವರಿನವರು ದುಡ್ಡು ಎಣಿಸಿ ಕೊಡಿಸಿದ್ದು." ಮಗುಚಿದ ಹೊಡೆತಕ್ಕೆ ಕಪಾಟಿನ ಬಾಗಿಲು ಸರಿಹೋಗಿತ್ತು. ಈಗ ಅದು ಚೆನ್ನಾಗಿ ಹಾಕಿಕೊಳ್ಳುತ್ತಿತ್ತು. ಅದನ್ನು ನೋಡಿದ ಮೇಲೆ ಉಳಿದವರಿಗೂ ತಮ್ಮ ತಮ್ಮ ಸಾಮಾನಿನ ಮೇಲೆ ಪ್ರೀತಿ ಹುಟ್ಟಿತು. ಕೋಣೆಯವರು ಫ್ರಿಜ್ಜನ್ನು ಟ್ಯಾಕ್ಸಿಯ ತಲೆಗೆ ಕಟ್ಟಿದರು. ಮಂಚವನ್ನು ಬಿಡಿಸಿ ಕಾಲು ಒಬ್ಬ, ತಲೆ ಒಬ್ಬ ಹಿಡಿದುಕೊಂಡ. ಮುದ್ದಣ್ಣ ಚೆಲ್ಲಿದ ಅಕ್ಕಿಯನ್ನು ಮರಳಿನಿಂದ ಆರಿಸಿ ಪಂಚೆಗೆ ತುಂಬಿಕೊಂಡ.

"ಕೋಪ ಮಾಡಬೇಡ, ಸೇಸಪ್ಪ. ಹೇಗೂ ನಿನಗೆ ಮನೆ ಇಲ್ವಲ್ಲ, ಇಡ್ಲಿಕ್ಕೆ ಜಾಗ ಎಲ್ಲಿ?"

"ನಾನು ನಿಲ್ಸು ಹೇಳಿದ್ದೆ" ಎಂದೂ ಸೇರಿಸಿದ. "ಈಸಾ ಟೌನಿನಲ್ಲಿ."

"ಆ ಇಂಗ್ಲಿಷಿನವ ಹೇಳಿದ್ದ, ಬ್ರೇಕ್ ತುಳೀಬೇಡಿ ಅಂತ" ಎಂದ ಮ್ಯಾಕ್ಸಿಮ್, ಹೊಸದಾಗಿ ಹೊಳೆದವನ ಹಾಗೆ. "ಬಾಲದಲ್ಲಿ ಭಾರ ಇಡ್ಬೇಡಿ ಅಂತಲೂ ಹೇಳಿದ್ದ."

"ನನಗೆ ಹೇಳ್ಲೇ ಇಲ್ಲವಲ್ಲ ನೀನು!"

"ಜಾಗ್ರತೆ ಅಂದ್ರೆ ಅದೇ ಅಲ್ವಾ, ಮಾರಾಯ? ಬಿಡಿಸಿ ಹೇಳ್ಬೇಕಾ?"

ಕಲ್ಲನ್ನು ಮಾತ್ರ ಯಾರೂ ಕೇಳಲಿಲ್ಲ.

ಮಧ್ಯಾಹ್ನವಾಗಿತ್ತು. ಸುತ್ತಲೂ ಬಿಸಿಲು, ನೆರಳಿದ್ದದ್ದು ಕ್ಯಾರವಾನಿನ ಹೊಟ್ಟೆಯ ಪಕ್ಕದಲ್ಲಿ ಮಾತ್ರ. ಫಾತಿಮಾ ಅಲ್ಲಿ ಚಾಪೆ ಹಾಸಿ ಬಿರಿಯಾನಿಯ ಮುಚ್ಚಳ ತೆಗೆದಳು. ಮಾಡಿದ್ದನ್ನು ಹಾಳು ಮಾಡುವುದು ಪಾಪವೆಂದು ಎಲ್ಲರೂ ಕೂತರು. ಸೇಸಪ್ಪನಿಗೆ ದೊಡ್ಡ ತುಂಡನ್ನೇ ಹಾಕಿದರು.

"ತಿನ್ನು. ಮನೆಯೊಳಗೆ ಯಾರೂ ಇರ್ಲಿಲ್ವಲ್ಲ, ಅದೇ ಪುಣ್ಯ" ಎಂದಳು ಕ್ಲೊಟಿಲ್ಡಾ.

"ಹೌದಪ್ಪ, ಅದೇ ಪುಣ್ಯ" ಎಂದ ಮುದ್ದಣ್ಣ.

"ನಿಮ್ಮ ನಸೀಬು ದೊಡ್ಡದು, ಸೇಸಪ್ಪಣ್ಣ" ಎಂದ ಹುಸೈನಬ್ಬ. "ಖಾಲಿ ಮನೆ."

ಸೇಸಪ್ಪ ಬಿರಿಯಾನಿ ತಿಂದ. ಕಿತ್ತಳೆಯನ್ನು ತಿನ್ನಲಿಲ್ಲ.

ಆ ಕಾಲದಲ್ಲಿ ಗಂಡ ಹೆಂಡಿರ ಮಾತು ನಡೆಯುತ್ತಿದ್ದದ್ದು ಕ್ಯಾಸೆಟ್ಟಿನಲ್ಲಿ. ಊರಿಗೆ ಹೋಗುವವರು ಒಯ್ಯುತ್ತಿದ್ದರು, ಬರುವವರು ತರುತ್ತಿದ್ದರು. ಚಳಿ ಕಡಿಮೆಯಾಗುವ ಹೊತ್ತಿಗೆ ಕುಸುಮಾವತಿಯ ಕ್ಯಾಸೆಟ್ಟೊಂದು ಬಂತು. ಟೇಪ್‌ರೆಕಾರ್ಡರ್ ಇದ್ದದ್ದು ಹುಸೈನಬ್ಬನ ಚಹಾದಂಗಡಿಯಲ್ಲಿ. ಒಬ್ಬನ ಹೆಂಡತಿಯ ಕ್ಯಾಸೆಟ್ಟು ಬಂದರೆ ಎಲ್ಲರೂ ಸೇರಿ ಕೇಳುವುದು ಗುದೈಬಿಯಾದ ಪದ್ಧತಿ. ಊರಿನ ಸುದ್ದಿ ಎಲ್ಲರದ್ದೂ ಅಲ್ಲವೇ? ಮ್ಯಾಕ್ಸಿಮ್ ಬಂದ. ಮುದ್ದಣ್ಣ ಮೆಸ್ಸಿನ ಒಲೆ ಆರಿಸಿ ಬಂದ. ಕೋಣೆಯವರು ಬೆಂಚಿನಲ್ಲಿ ಒತ್ತಿ ಕೂತರು. ಹುಸೈನಬ್ಬ ಗುಂಡಿ ಒತ್ತಿದ.

ಮೊದಲು ಕಾಗೆ ಕೂಗಿತು. ಕೊಡಪಾನ ಇಟ್ಟ ಸದ್ದಾಯಿತು. ಆಮೇಲೆ ಅವಳ ದನಿ.

"ನಾನು ಮಾತಾಡುದು. ಸುದ್ದಿ ಬಂತು. ನಿಮಗೆ ಪೆಟ್ಟಾಗ್ಲಿಲ್ಲ ಅಂತ ಹೇಳಿದ್ರು. ಆಡನ್ನು ತಂಗಿಗೆ ಕೊಟ್ಟಾಗಿತ್ತು, ವಾಪಸು ಕೇಳ್ಲಿಕ್ಕೆ ಆಗುದಿಲ್ಲ, ಅಲ್ಲೇ ಇರ್ಲಿ." ಕೊಡಪಾನ ಸರಿಸಿದ ಸದ್ದು. "ಇಲ್ಲಿ ಬಂದವರೆಲ್ಲ ಒಂದೇ ಮಾತು ಹೇಳ್ತಾರೆ. ಮನೆಯೊಳಗೆ ಯಾರೂ ಇರ್ಲಿಲ್ವಲ್ಲ, ಅದೇ ಪುಣ್ಯ ಅಂತ. ನಾನೂ ಹೌದು ಹೌದು ಹೇಳಿ ಕಳಿಸ್ತೇನೆ. ಅದರೊಳಗೆ ನಾನು ಇರ್ಬೇಕಿತ್ತು ಅಂತ ಒಬ್ಬರೂ ಹೇಳ್ಲಿಲ್ಲ. ನೀವಾದ್ರೂ ಒಂದ್ಸಲ ಹೇಳಿ. ನಾನು ಕೇಳ್ಬೇಕು."

ಮತ್ತೆ ಕಾಗೆ ಕೂಗಿತು. ಹುಸೈನಬ್ಬ ಗುಂಡಿ ಎತ್ತಿದ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮುದ್ದಣ್ಣ ಕೆಮ್ಮಿದ.

"ನಾಡಿದ್ದು ಒಬ್ಬ ಊರಿಗೆ ಹೋಗುವವ ಇದ್ದಾನೆ" ಎಂದ ಮ್ಯಾಕ್ಸಿಮ್. "ಈಗಲೇ ಉತ್ತರ ತುಂಬಿಸಿ ಕೊಡು ಸೇಸಪ್ಪ. ಆಚೆ ಬದಿ ಖಾಲಿ ಉಂಟು."

ಹುಸೈನಬ್ಬ ಕ್ಯಾಸೆಟ್ಟನ್ನು ಮಗುಚಿ ಹಾಕಿ, ಕೆಂಪು ಗುಂಡಿ ಒತ್ತಿ, ಯಂತ್ರವನ್ನು ಸೇಸಪ್ಪನ ಎದುರು ಸರಿಸಿದ. ಸುರುಳಿ ತಿರುಗತೊಡಗಿತು. ಸೇಸಪ್ಪ ಬೆಂಚಿನಲ್ಲಿ ಕೂತಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಎದ್ದು ಹೋಗುತ್ತಾರೇನೋ ಎಂದು ಕಾದ. ಹುಸೈನಬ್ಬ ಎಲ್ಲರಿಗೂ ಚಹಾ ಹಾಕಿದ. ಯಾರೂ ಏಳಲಿಲ್ಲ. ಅವನಿಗೆ ಧೈರ್ಯ ಬರಲಿ ಎಂದು ಇನ್ನಷ್ಟು ಹತ್ತಿರ ಸರಿದು ಕೂತರು.

"ಇಲ್ಲಿ ನಾವೆಲ್ಲ ಕ್ಷೇಮ" ಎಂದ ಸೇಸಪ್ಪ, ಯಂತ್ರಕ್ಕೆ ಬಾಯಿ ಹತ್ತಿರ ತಂದು. "ಗೇರುಮರ ಈ ಸಲ ಹೂ ಬಿಟ್ಟಿತಾ?"

ಒಳ್ಳೆಯ ಮಾತು ಎಂದು ಎಲ್ಲರೂ ತಲೆದೂಗಿದರು.